ಹೂ ಒರೆಸಿದ ಚಳಿಗಾಲ

ಹೋದ ವರ್ಷ ಹತ್ತಿಕುಣಿಯಲ್ಲಿ ತಂಗಿಯ ಮನೆಗೆ ಹೋಗಿದ್ದೆ. ಕೆರೆಯ ಕಡೆಯಿಂದ ಸಂಜೆಗೆ ಸೊಳ್ಳೆ ಏಳುತ್ತವೆ ಎಂದು ತಂಗಿಯ ಸೊಸೆ ಅಂಗಳದಲ್ಲಿ ಹಸಿ ಬೇವಿನ ಸೊಪ್ಪಿಗೆ ಬೆಂಕಿ ಹಚ್ಚಿದಳು. ಬೆಂಕಿ ಹತ್ತಲಿಲ್ಲ, ಬರೀ ಹೊಗೆ ಎದ್ದಿತು. ಆ ಹೊಗೆ ನನ್ನ ಕಡೆ ತಿರುಗಿದ್ದೇ ತಡ, ಕೈಯಲ್ಲಿದ್ದ ಚಹಾ ಅಲ್ಲೇ ಇಟ್ಟು ಬೀದಿಗೆ ಬಂದುಬಿಟ್ಟೆ. "ದೊಡ್ಡವ್ವಗ ದಮ್ಮು ಅದ ಕಾಣಸ್ತದ," ಎಂದು ಆ ಹುಡುಗಿ ಒಳಗೆ ಹೇಳುತ್ತಿದ್ದುದು ಕೇಳಿಸಿತು. ನನಗೆ ದಮ್ಮಿನ ಕಾಯಿಲೆ ಇಲ್ಲ. ಹಸಿ ಬೇವಿನ ಹೊಗೆ ಮೂಗಿಗೆ ಬಡಿದರೆ ನನಗೆ ನಮ್ಮೂರಿನ ಗುಡ್ಡ, ಒಂದು ಚಳಿಗಾಲ, ನನ್ನ ಗಂಡನ ಹಳದಿ ಕೈಗಳು ನೆನಪಾಗುತ್ತವೆ. ಎದೆ ಹಿಡಿದುಕೊಳ್ಳುವುದು ಅದಕ್ಕೆ.

ಆಗ ನಾವಿದ್ದದ್ದು ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯಿಂದ ಒಳಗೆ, ಗುಡ್ಡದ ಬುಡಕ್ಕೆ ಅಂಟಿಕೊಂಡ ಸಣ್ಣ ಊರಿನಲ್ಲಿ. ಕೃಷ್ಣೆಯ ಕಾಲುವೆ ನೀರು ನಮ್ಮ ಹೊಲಗಳಿಗೆ ಬಂದು ಕೆಲವೇ ವರ್ಷಗಳಾಗಿದ್ದವು. ಅದಕ್ಕೆ ಮುಂಚೆ ಜೋಳ, ತೊಗರಿ, ಆಕಾಶ ನೋಡುವುದು. ನೀರು ಬಂದ ಮೇಲೆ ಊರಿನವರು ಚಳಿಗಾಲಕ್ಕೆ ಸೂರ್ಯಕಾಂತಿ ಹಾಕತೊಡಗಿದರು. ನಮ್ಮ ಕಡೆ ಅದಕ್ಕೆ ಸೂರ್ಯಪಾನ ಎನ್ನುತ್ತಾರೆ. ಮೊದಲ ಸಲ ಇಡೀ ಬಯಲು ಹಳದಿಯಾದಾಗ ಮುದುಕರು ಕಟ್ಟೆಯ ಮೇಲೆ ಕೂತು ಬಾಯಿ ತೆರೆದು ನೋಡುತ್ತಿದ್ದರು.

ಗುಡ್ಡ ದೊಡ್ಡದೇನಲ್ಲ, ಬಂಡೆಯ ಮೇಲೆ ಬಂಡೆ ಪೇರಿಸಿದಂಥದು. ಆದರೆ ಬುಡದ ಹವಾ ಬೇರೆ, ನೆತ್ತಿಯ ಹವಾ ಬೇರೆ. ನೆತ್ತಿಗೆ ಮಳೆಯ ಮೊದಲ ಹನಿ ಬೀಳುತ್ತಿತ್ತು, ಇಬ್ಬನಿಯೂ ಅಲ್ಲೇ ಹೆಚ್ಚು. ಬಂಡೆಯ ತಗ್ಗುಗಳಲ್ಲಿ ನೀರು ನಿಲ್ಲುತ್ತಿತ್ತು; ಅವಕ್ಕೆ ನಾವು ದೊಣಿ ಎನ್ನುತ್ತಿದ್ದೆವು. ನಡುವೆ ಸೀತಾಫಲ, ಕಾರೆ, ನಾವು ಬಾರಿ ಎನ್ನುವ ಬೋರೆ ಗಿಡ. ಬುಡದಲ್ಲಿ ಬೇವು, ಮುತ್ತಲ. ದಸರೆಯ ತನಕ ಮಳೆ ಹಿಡಿದ ವರ್ಷ ದೊಣಿಗಳು ಸಂಕ್ರಾಂತಿಗೂ ಬತ್ತುತ್ತಿರಲಿಲ್ಲ. ಬಾರಿ ಹೂ ಬಿಡುವ ಹೊತ್ತಿಗೆ ಎಲ್ಲಿಂದಲೋ ಹೆಜ್ಜೇನು ಬಂದು ಊರ ಕಡೆ ಮುಖ ಮಾಡಿದ ದೊಡ್ಡ ಬಂಡೆಯ ಹೊಟ್ಟೆಗೆ ಸಾಲಾಗಿ ಹುಟ್ಟಿ ಕಟ್ಟುತ್ತಿದ್ದವು. ನೀರು ಮೇಲೆಯೇ ಸಿಗುತ್ತಿತ್ತು. ಹೂವಿಗೆ ಮಾತ್ರ ಕೆಳಗಿಳಿದು ನಮ್ಮ ಹೊಲಕ್ಕೆ ಬರುತ್ತಿದ್ದವು, ಹೊತ್ತು ಮುಳುಗುವ ಮುಂಚೆ ಮೇಲೆ ಹೋಗುತ್ತಿದ್ದವು. ಶಿವರಾತ್ರಿ ಕಳೆದು ಮುತ್ತಲ ಕೆಂಪಗೆ ಹೂತು, ಬೇವಿನ ಹೂ ಉದುರಿ, ಬಂಡೆ ಕಾದು ಬಿರಿಯುವ ಬಿಸಿಲು ಬಂದಾಗ ಹುಟ್ಟಿ ಬಿಟ್ಟು ಹೊರಟುಬಿಡುತ್ತಿದ್ದವು. ಅವು ಇದ್ದಷ್ಟು ದಿನ ಊರವರು ಆ ಬಂಡೆಯ ಕೆಳಗೆ ಬೀಡಿ ಸಹ ಹಚ್ಚುತ್ತಿರಲಿಲ್ಲ.

ಆ ವರ್ಷ ಮಳೆ ಗಣಪತಿ ಹಬ್ಬಕ್ಕೇ ನಿಂತಿತು. ದೀಪಾವಳಿಗೆ ಮುಂಚೆಯೇ ದೊಣಿಗಳ ತಳದಲ್ಲಿ ಪಾಚಿ ಒಣಗಿ ಸಿಪ್ಪೆ ಎದ್ದಿತ್ತು. ಬಾರಿ ಗಿಡ ಹೂ ಹಿಡಿಯಿತು, ಬಿಸಿಗಾಳಿಗೆ ಹೂವೆಲ್ಲ ಕಪ್ಪಗೆ ಮುರುಟಿ ಉದುರಿತು. ಗುಡ್ಡ ಬೇಸಿಗೆಯ ಗುಡ್ಡದ ಹಾಗೆ ಬೂದಿ ಬಣ್ಣಕ್ಕೆ ತಿರುಗಿತ್ತು. ಕೆಳಗೆ ಮಾತ್ರ ಕಾಲುವೆ ತುಂಬಿ ಹರಿಯುತ್ತಿತ್ತು, ಸೂರ್ಯಕಾಂತಿ ಎದೆಯೆತ್ತರ ನಿಂತು ಮೊಗ್ಗು ಕಟ್ಟಿತ್ತು. ಜೇನು ಬಂದವು. ಆದರೆ ಮೇಲೆ ಹನಿ ನೀರಿಲ್ಲ. ಹೊತ್ತೇರುತ್ತಲೇ ನೂರುಗಟ್ಟಲೆ ಜೇನು ಕಾಲುವೆಯ ತೂಬಿನ ಹತ್ತಿರ, ನಾವು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ಒದ್ದೆ ಮರಳಿನ ಮೇಲೆ ಕೂರತೊಡಗಿದವು. ಹಸಿದವು, ಬಾಯಾರಿದವು, ಸ್ವಲ್ಪಕ್ಕೇ ಸಿಟ್ಟಿಗೇಳುತ್ತಿದ್ದವು.

ನನ್ನ ಮಗಳು ರೇಣುಕಾ ಆಗ ಒಂದನೆಯ ಇಯತ್ತೆ. ಅವತ್ತು ಶಾಲೆಗೆ ಸೂಟಿ. ನಾನು ಬಟ್ಟೆ ಒಗೆಯುತ್ತಿದ್ದೆ, ಅವಳು ಮಗ್ಗುಲಲ್ಲಿ ನೀರಾಟ ಆಡುತ್ತಿದ್ದಳು. ಕುತ್ತಿಗೆಯ ಮೇಲೆ ಕೂತ ಒಂದು ಜೇನನ್ನು ಅಂಗೈಯಿಂದ ಬಡಿದಳು. ಅದು ಕಚ್ಚಿತು, ಇವಳು ಚೀರಿದಳು. ಒಂದು ಕಚ್ಚಿದ ಜಾಗದ ವಾಸನೆಗೆ ಉಳಿದವು ಏಳುತ್ತವಂತೆ. ಅದು ನನಗೆ ಗೊತ್ತಾದದ್ದು ಆಮೇಲೆ. ನಾನು ತಿರುಗಿ ನೋಡುವುದರೊಳಗೆ ಮಗಳ ತಲೆ ಕಾಣದಷ್ಟು ಮುತ್ತಿದ್ದವು. ಒದ್ದೆ ಸೀರೆ ಅವಳ ಮೇಲೆ ಎಸೆದೆ. ನನಗೂ ಕಣ್ಣು ಬಿಡಲು ಆಗಲಿಲ್ಲ.

ಆಗ ಓಡಿ ಬಂದವಳು ಸಿದ್ದಮ್ಮ. ನಮ್ಮ ಹೊಲದ ಪಕ್ಕದ ಹೊಲದವಳು, ಗೋಡೆಗೆ ಗೋಡೆ ಹತ್ತಿದ ಮನೆಯವಳು, ನನಗಿಂತ ಸ್ವಲ್ಪ ದೊಡ್ಡವಳು. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ತನ್ನ ಕಂಬಳಿಯನ್ನು ಮಗಳಿಗೆ ಸುತ್ತಿ, ಎದೆಗವಚಿಕೊಂಡು, ಹೊಲದೊಳಗೆ ನುಗ್ಗಿ ಓಡಿದಳು. ಅವಳ ಕಿವಿ, ಕೈ ಎಲ್ಲ ಕಚ್ಚಿಸಿಕೊಂಡವು. ಯಾರದೋ ಟ್ರ್ಯಾಕ್ಟರ್ ಸಿಕ್ಕಿತು, ಶಹಾಪುರದ ದವಾಖಾನೆಗೆ ಹೋದೆವು. ದಾರಿಯುದ್ದಕ್ಕೂ ಮಗಳು ಉಸಿರು ಎಳೆಯುತ್ತಿದ್ದಾಳೋ ಇಲ್ಲವೋ ಎಂದು ಸಿದ್ದಮ್ಮ ಕಂಬಳಿಯೊಳಗೆ ಕಿವಿ ಇಟ್ಟು ಕೇಳುತ್ತಿದ್ದಳು.

ಮಗಳು ಉಳಿದಳು. ಮುಖ ಬಾತು ಗುರುತು ಸಿಗದಂತಾಗಿತ್ತು, ಆದರೆ ಉಳಿದಳು. ಕೆಲವು ದಿನಕ್ಕೆ ಮನೆಗೆ ಕರೆತಂದೆವು. ಆಗಲೇ ಗಂಜಿ ಕುಡಿಯುತ್ತಿದ್ದಳು, ಜಗಳ ತೆಗೆಯುತ್ತಿದ್ದಳು. ಈಗ ಯೋಚಿಸಿದರೆ ನನ್ನನ್ನು ಹೆಚ್ಚು ಚುಚ್ಚುವುದು ಅದೇ. ಅವಳು ಗುಣವಾಗುತ್ತಿದ್ದಳು. ಹೆದರಿಕೆ ಇಳಿದ ಮೇಲೆ ನನಗೆ ಸಿಟ್ಟು ಬಂತು.

ನನ್ನ ಗಂಡ ಶರಣಪ್ಪ ಮಾತು ಕಡಿಮೆಯ ಮನುಷ್ಯ. ಅಂಗಳದಲ್ಲಿ ಹಗ್ಗ ಹೊಸೆಯುತ್ತ ಕೂತಿದ್ದರು. ಅವರ ಮುಂದೆ ಹೋಗಿ ನಿಂತೆ.

"ಆ ಹುಳ ಇನ್ನ ಕಲ್ಲಾಗ ಅದಾವ," ಅಂದೆ.

"ಗುಡ್ಡ ಒಣಗ್ಯಾದ. ನೀರ ಸಿಗಲಾರದ ಕೆಳಗ ಇಳ್ದಾವ. ಒಂದ ಮಳಿ ಆತಂದ್ರ ಮ್ಯಾಲೇ ಇರ್ತಾವ."

"ಮಳಿ ಬರೋತನಕ ನನ್ನ ಮಗಳು ಮನ್ಯಾಗ ಕುಂಡ್ರಬೇಕೇನು?"

"ಜರಾ ತಡಿ. ಸೂರ್ಯಪಾನ ಹೂ ಬಿಡಾಕತ್ತಾವ."

"ನಿಮಗ ಸೂರ್ಯಪಾನ ಹೆಚ್ಚಾತು. ಗಂಡಸ ಅದೀರೋ ಇಲ್ಲೋ? ಅವು ಆ ಕಲ್ಲಾಗ ಇರೂತನಕ ನಾ ಈ ಊರಾಗ ಇರಂಗಿಲ್ಲ. ಮಗಳ್ನ ಕರ್ಕೊಂಡ ನಮ್ಮವ್ವನ ಮನಿಗಿ ಹೋಗ್ತೀನಿ."

ಅವರು ಹೊಸೆಯುವುದನ್ನು ನಿಲ್ಲಿಸಿ ಹಗ್ಗವನ್ನು ಸುತ್ತಿ ಬದಿಗಿಟ್ಟರು. ಮರುದಿನ ಸಂಜೆ ಓಣಿಯ ಇಬ್ಬರನ್ನು ಕರೆದುಕೊಂಡು ಅದೇ ಹಗ್ಗ, ಜೋಳದ ದಂಟು, ಹಸಿ ಬೇವಿನ ಸೊಪ್ಪಿನ ಹೊರೆ ಹೊತ್ತು ಗುಡ್ಡ ಹತ್ತಿದರು.

ಬಂಡೆಯ ನೆತ್ತಿಯಿಂದ ಉರಿಯುವ ಕಟ್ಟುಗಳನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟರು. ಇಡೀ ಊರು ಮಾಳಿಗೆಯ ಮೇಲೆ ನಿಂತು ನೋಡಿತು. ಮೊದಲು ಬಿಳಿ ಹೊಗೆ, ಆಮೇಲೆ ಕಿಡಿ, ಮೇಣ ಉರಿಯುವ ವಾಸನೆ. ಹುಟ್ಟಿಗಳು ಕರಗಿ ಒಂದೊಂದೇ ಕೆಳಗೆ ಬಿದ್ದವು. ಮಬ್ಬಿನಲ್ಲಿ ಜೇನಿನ ಸದ್ದು ಊರ ಮೇಲೆ ಹಾದು ತಿಂಥಣಿಯ ಕಡೆ, ಹೊಳೆಯ ಕಡೆ ಹೋಯಿತು. ನಾನು ಮಗಳನ್ನು ಒಳಗೆ ಮಲಗಿಸಿ ಬಾಗಿಲಲ್ಲಿ ನಿಂತಿದ್ದೆ. ಸಮಾಧಾನವಾಯಿತು. ಸುಳ್ಳು ಹೇಳಲಾರೆ, ಅವತ್ತು ನನಗೆ ಸಮಾಧಾನವೇ ಆಯಿತು.

ಬೆಳಿಗ್ಗೆ ಊರವರು ಬಂಡೆಯ ಬುಡದಿಂದ ತಂಬಿಗೆಯಲ್ಲಿ ತುಪ್ಪ ತುಂಬಿಕೊಂಡು ಬಂದರು. ಜೇನುತುಪ್ಪದಲ್ಲಿ ಬೂದಿ ಕಲೆತಿತ್ತು. "ಶರಣಪ್ಪ ಭಾರಿ ಧೈರ್ಯ ಮಾಡ್ಯಾನ," ಎಂದು ನಮ್ಮ ಮನೆಗೂ ಒಂದು ತಂಬಿಗೆ ತಂದುಕೊಟ್ಟರು. ನನ್ನ ಗಂಡ ಅದನ್ನು ಮುಟ್ಟಲಿಲ್ಲ. "ಬುಡಕ್ಕ ಮರಿಗೋಳು ಬಿದ್ದಿದ್ದು," ಅಂದರು, "ಬೆಳ್ಳಗ, ಅಕ್ಕಿಕಾಳಿನಂಗ. ಇರಿವಿ ಹೊತ್ಕೊಂಡ ಹೊಂಟಿದ್ದು."

ಸೂರ್ಯಕಾಂತಿ ಹೂ ಬಿಟ್ಟಿತು. ಹಿಂದಿನ ವರ್ಷ ಇದೇ ಹೊತ್ತಿಗೆ ಹೊಲದ ಬದುವಿನ ಮೇಲೆ ನಿಂತರೆ ಗುಂಯ್ ಎನ್ನುವ ಸದ್ದು ಕಾಲಡಿಯ ನೆಲಕ್ಕೂ ತಗಲುತ್ತಿತ್ತು. ಈ ಸಲ ಹೊಲ ಸುಮ್ಮನಿತ್ತು. ಗಾಳಿಗೆ ಎಲೆ ಉಜ್ಜುವ ಸದ್ದು ಬಿಟ್ಟರೆ ಏನೂ ಇಲ್ಲ. ಗ್ರಾಮಸೇವಕರು ಸೈಕಲ್ ಮೇಲೆ ಬಂದವರು ಹೊಲ ನೋಡಿ, ನಮ್ಮ ಅಂಗಳದಲ್ಲಿ ಕೂತು, ನೀರು ಕುಡಿದು, ಸಣ್ಣ ದನಿಯಲ್ಲಿ ಹೇಳಿದರು: "ಹುಳ ಇಲ್ಲಂದ್ರ ಕಾಳ ಕಟ್ಟಂಗಿಲ್ರಿ. ಎಲ್ಲ ಜೊಳ್ಳ ಆಗ್ತದ. ಈ ಸಲ ಗುಡ್ಡದಾಗೂ ಹೂ ಇಲ್ಲ, ಬ್ಯಾರೆ ಕಡಿಯಿಂದ ಹೊಸಾ ಜೇನ ಬರೂದೂ ಖರೆ ಇಲ್ಲ."

"ಏನೂ ಮಾಡಾಕ ಬರಂಗಿಲ್ಲೇನ್ರಿ?" ನನ್ನ ಗಂಡ ಕೇಳಿದರು.

"ಬರ್ತದ. ಇಬ್ಬನಿ ಆರಿದ ಮ್ಯಾಲೆ ಮೆತ್ತನ್ನ ಅರಬಿ ಕೈಗಿ ಸುತ್ಕೊಂಡು ಹೂವಿನ ಮುಖ ಒರಸಬೇಕು. ಒಂದು ಹೂವಿನ ಪುಡಿ ಮತ್ತೊಂದಕ್ಕ ಹತ್ತಬೇಕು. ಹೊರಗಿನ ಸುತ್ತು ಮೊದಲ ಬಿರೀತದ, ಆಮ್ಯಾಲೆ ಒಳಗಿಂದು. ಹಂಗಾಗಿ ದಿನಾ ಬಿಟ್ಟ ದಿನಾ ಒರಸ್ಕೋತ ಇರಬೇಕು. ಭಾಳ ತರಾಸಿನ ಕೆಲಸರಿ."

ಆ ಮಧ್ಯಾಹ್ನ ನನ್ನ ಗಂಡ ಊಟ ಮಾಡಲಿಲ್ಲ. ನಾನು ತಟ್ಟೆ ಮುಂದಿಟ್ಟಾಗ, "ಸಿದ್ದಮ್ಮನ ಹೊಲ," ಎಂದರು. ನನಗೂ ಅದೇ ತಲೆಯಲ್ಲಿ ಸುತ್ತುತ್ತಿತ್ತು.

ಗಂಡ ಸತ್ತ ಮೇಲೆ ಸಿದ್ದಮ್ಮನ ಹೊಲವನ್ನು ಮೈದುನ ಭೀಮರಾಯ ಮಾಡುತ್ತಿದ್ದ. ಕಾಲುವೆ ನೀರು ಸಿಗುವ ಹೊಲ ಬಿಡಲು ಅವನಿಗೆ ಮನಸ್ಸಿರಲಿಲ್ಲ. ಇವಳು ಹಟ ಹಿಡಿದು, ನಾಲ್ಕು ಜನರನ್ನು ಕೂಡಿಸಿ, ಆ ವರ್ಷ ತಾನೇ ಬಿತ್ತಿದ್ದಳು. ಕಟ್ಟೆಯ ಮೇಲೆ ಎಲ್ಲರ ಮುಂದೆ ಭೀಮರಾಯ ಅಂದದ್ದು ನನಗೆ ನೆನಪಿದೆ: "ಒಂದ ವರ್ಷ ಮಾಡಿ ತೋರಸು. ಬೆಳಿ ಬಂದ್ರ ಹೊಲ ನಿಂದು. ಬರಲಿಲ್ಲಂದ್ರ ಸುಮ್ಮ ಮನ್ಯಾಗ ಕೂಡಬೇಕು." ನಾಲ್ಕು ಜನ ಅದಕ್ಕೆ ತಲೆಯಾಡಿಸಿದ್ದರು. ನನ್ನ ಮಗಳನ್ನು ಎದೆಗವಚಿ ಓಡಿದವಳ ಹೊಲ ಅದು.

ಮರುದಿನ ಬೆಳಿಗ್ಗೆ ನನ್ನ ಹಳೆಯ ಸೀರೆಯೊಂದನ್ನು ಹರಿದು ಎರಡೂ ಕೈಗೆ ಸುತ್ತಿಕೊಂಡು ನನ್ನ ಗಂಡ ಸಿದ್ದಮ್ಮನ ಹೊಲಕ್ಕೆ ಇಳಿದರು. ಮಗುವಿನ ಮುಖ ಒರೆಸಿದ ಹಾಗೆ ಒಂದೊಂದೇ ಹೂವನ್ನು ಒರೆಸುತ್ತ ಸಾಲು ಹಿಡಿದು ಹೋದರು. ಬಿಸಿಲು ನೆತ್ತಿಗೆ ಬರುವಷ್ಟರಲ್ಲಿ ಹೊಲದ ಒಂದು ಮೂಲೆ ಮುಗಿದಿತ್ತು. ದಾರಿಯಲ್ಲಿ ಹೋಗುವವರು ನಿಂತು ನಗುತ್ತಿದ್ದರು. "ಶರಣಪ್ಪ ಸೂರ್ಯಪಾನದ ಮಾರಿ ತೊಳ್ಯಾಕತ್ತಾನ ನೋಡ್ರೋ." ಅವರು ತಲೆ ಎತ್ತಲಿಲ್ಲ.

ನಾನು ಅಲ್ಲಿಗೆ ಹೋಗಲಿಲ್ಲ. ಮಗಳನ್ನು ನೆರಳಿಗೆ ಕೂರಿಸಿ ನಮ್ಮ ಹೊಲದಲ್ಲಿ ಒರೆಸತೊಡಗಿದೆ. ಎರಡು ಬೆಳಿಗ್ಗೆ ಹೀಗೇ ಕಳೆಯಿತು. ಮೂರನೆಯ ಬೆಳಿಗ್ಗೆ ಅವರು ಬದುವಿನ ಮೇಲೆ ಬಂದು ನಿಂತರು.

"ಅಲ್ಲಿಗಿ ಬಾ. ಒಬ್ಬನ ಕೈಲೆ ಮುಗ್ಯಂಗಿಲ್ಲ."

"ನಮ್ಮ ಹೊಲಾ?"

"ಎರಡೂ ಆಗಂಗಿಲ್ಲ. ಹೂ ಕಾಯಂಗಿಲ್ಲ."

"ನಮ್ಮದು ಜೊಳ್ಳ ಆದ್ರ ನಾವೇನ ತಿನ್ಬೇಕು? ಆಕೀದೊಂದ ಹೊಲ ಅದ ಏನು ಊರಾಗ?"

ಅವರು ನನ್ನನ್ನೇ ನೋಡಿದರು. ಆಗ ಒಂದು ಮಾತು ಅವರ ಬಾಯಿಗೆ ಬಂದಿರಬೇಕು. ನೀನೇ ಕಳಿಸಿದ್ದು ಎನ್ನಬಹುದಿತ್ತು. ಅನ್ನಲಿಲ್ಲ. ಅವತ್ತೂ ಅನ್ನಲಿಲ್ಲ, ಸಾಯುವ ತನಕವೂ ಅನ್ನಲಿಲ್ಲ. "ನಮಗ ಹೊಲ ಹೋಗಂಗಿಲ್ಲ, ಬೆಳಿ ಅಷ್ಟೇ ಹೋಗ್ತದ," ಎಂದು ತಿರುಗಿ ನಡೆದರು. ಅವರ ಅಂಗಿಯ ಬೆನ್ನೂ ಹಳದಿಯಾಗಿತ್ತು. ನಾನು ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚದೆ ಹಿಂದೆ ಹೋದೆ.

ಸಿದ್ದಮ್ಮ ತನ್ನ ಹೊಲದಲ್ಲಿ ತಾನೂ ಒರೆಸುತ್ತಿದ್ದಳು. ನಮ್ಮನ್ನು ನೋಡಿ ಬಾ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಅವಳ ಕಿವಿಯ ಬಾವು ಇನ್ನೂ ಇಳಿದಿರಲಿಲ್ಲ. ಒಂದು ಸಾಲಿನ ಕೊನೆಯಲ್ಲಿ ನಾವು ಎದುರುಬದುರಾದೆವು.

"ಅಕ್ಕಾ, ನೀ ನನ್ನ ಮಗಳ್ನ ಉಳಿಸಿದಿ," ಎಂದು ಶುರುಮಾಡಿದೆ.

"ಉಳಿಸಿದ್ದು ಉಳಿಸಿನಿ," ಅಂದಳು. "ಅದರ ಮಾತ ಬ್ಯಾರೆ. ಸುಟ್ಟದ್ರ ಮಾತ ಬ್ಯಾರೆ. ಇದು ಉಪಕಾರ ಅಂತ ತಿಳ್ಕೋಬ್ಯಾಡ್ರಿ. ನೀವು ಬರಬೇಕಾಗಿತ್ತು, ಬಂದೀರಿ. ಆ ಸಾಲ ಹಿಡಿ."

ಹೂ ಮುಗಿಯುವ ತನಕ ಮೂವರೂ ಅದೇ ಹೊಲದಲ್ಲಿ ಇದ್ದೆವು. ಮಧ್ಯಾಹ್ನ ನಾನು ಕಟ್ಟಿಕೊಂಡು ಹೋದ ರೊಟ್ಟಿ ನಾವು ತಿನ್ನುತ್ತಿದ್ದೆವು, ಅವಳು ತನ್ನದನ್ನು ಬೇರೆ ಬದುವಿನ ಮೇಲೆ ಕೂತು ತಿನ್ನುತ್ತಿದ್ದಳು. ಸೂರ್ಯಕಾಂತಿಯ ಅಂಟಿಗೆ ನಮ್ಮ ಬೆರಳು ಕಪ್ಪಾದವು, ಕಣ್ಣು ಉರಿದವು. ಮೊದಲು ನಕ್ಕವರು ಆಮೇಲೆ ತಾವೂ ಹಳೇ ಧೋತರ ಹರಿದು ಹೊಲಕ್ಕೆ ಇಳಿದರು. ಒಂದು ಬೆಳಿಗ್ಗೆ ತಲೆ ಎತ್ತಿದರೆ ಬಯಲಿನ ತುಂಬ ಜನ ಹೂವಿನ ಮುಖ ಒರೆಸುತ್ತಿದ್ದರು. ಯಾರಿಗೂ ನಗು ಬರುತ್ತಿರಲಿಲ್ಲ. ಅವರು ಬಯ್ಯುತ್ತಿದ್ದುದು ನನ್ನ ಗಂಡನನ್ನು. ಅದೂ ಮುಖದ ಮೇಲಲ್ಲ, ಮಗಳಿಗೆ ಕಚ್ಚಿತ್ತಲ್ಲ ಎಂದು ದನಿ ತಗ್ಗಿಸಿ. ನನ್ನ ಹೆಸರನ್ನು ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ರಾಶಿಯ ದಿನ ಭೀಮರಾಯ ಬಂದು ಸಿದ್ದಮ್ಮನ ಕಣದಲ್ಲಿ ನಿಂತ. ಬೊಗಸೆಯಲ್ಲಿ ಕಾಳು ಹಿಡಿದು ಊದಿದ. ಜೊಳ್ಳು ಹಾರಿತು, ಅರ್ಧಕ್ಕಿಂತ ಹೆಚ್ಚು ಅಂಗೈಯಲ್ಲೇ ಉಳಿಯಿತು. ಇನ್ನೊಂದು ಬೊಗಸೆ ತೆಗೆದು ಮತ್ತೆ ಊದಿದ. ನನ್ನ ಗಂಡ ಕಣದ ಹೊರಗೆ ತಲೆಗೆ ಟವೆಲ್ ಸುತ್ತಿಕೊಂಡು ನಿಂತಿದ್ದರು. ಭೀಮರಾಯ ಕಾಳನ್ನು ರಾಶಿಗೆ ಚೆಲ್ಲಿ, "ಆತು, ಮಾಡ್ಕೊ," ಎಂದು ಹೋದ. ಹೊಲ ಅವಳದೇ ಆಯಿತು. ನಮ್ಮ ಹೊಲದ ತೆನೆಗಳನ್ನು ಬಡಿದರೆ ಬರೀ ಹೊಟ್ಟು ಉದುರಿತು. ದಂಟನ್ನು ಒಲೆಗೆ ಹಾಕಿದೆವು. ಆ ಬೇಸಿಗೆ ಅವರು ಕಡೇಚೂರಿನ ಕಡೆ ಕಲ್ಲು ಒಡೆಯಲು ಹೋದರು, ನಾನು ಮಂದಿಯ ಹೊಲದಲ್ಲಿ ಕಳೆ ಕಿತ್ತೆ. ಹಸಿದಿರಲಿಲ್ಲ. ಅಷ್ಟೇ ಹೇಳಬಲ್ಲೆ.

ಮರುವರ್ಷ ಮಳೆ ಚೆನ್ನಾಗಿ ಆಯಿತು. ದೊಣಿಗಳು ತುಂಬಿದವು, ಬಾರಿ ಗಿಡ ಹೂತು ಗುಡ್ಡಕ್ಕೆಲ್ಲ ವಾಸನೆ ಹಿಡಿಯಿತು. ಜೇನು ಬರಲಿಲ್ಲ. ಬಂಡೆಯ ಹೊಟ್ಟೆಯ ಮೇಲೆ ಮಸಿಯ ಉದ್ದುದ್ದ ಗೆರೆಗಳಷ್ಟೇ ಇದ್ದವು. ಅದರ ಮುಂದಿನ ವರ್ಷವೂ ಬರಲಿಲ್ಲ. ಬಾರಿ ಹಣ್ಣು ಕಡಿಮೆ ಹಿಡಿದಿದೆ ಎಂದು ಆಡು ಕಾಯುವವರು ಹೇಳಿದರು. ಆ ಹಣ್ಣಿಗೆ ಬರುತ್ತಿದ್ದ ಹಕ್ಕಿಗಳು ಕಡಿಮೆಯಾದವು; ಗುಡ್ಡದಲ್ಲೇ ಹಣ್ಣು ತಿಂದುಕೊಂಡಿದ್ದ ನರಿಗಳು ಕಾಲುವೆ ಕೆಳಗಿನ ಶೇಂಗಾ ಹೊಲಕ್ಕೆ ಇಳಿದವು. ಎಲ್ಲದಕ್ಕೂ ಆ ಒಂದು ಸಂಜೆಯೇ ಕಾರಣ ಎಂದು ನಾನು ಹೇಳಲಾರೆ. ಹತ್ತಿ ಬಂದಿತ್ತು, ಹತ್ತಿಗೆ ಹೊಡೆಯುವ ಹುಳದ ಎಣ್ಣೆ ಬಂದಿತ್ತು, ಮಳೆಯೂ ಮೊದಲಿನ ಹಾಗೆ ಇರಲಿಲ್ಲ. ಆದರೆ ನನ್ನ ಗಂಡ ಪ್ರತಿಯೊಂದನ್ನೂ ತಮ್ಮ ತಲೆಗೇ ಕಟ್ಟಿಕೊಂಡರು. ಯಾರಾದರೂ ನರಿ ಬಂದಿತ್ತು ಎಂದರೆ ಎದ್ದು ಹೋಗುತ್ತಿದ್ದರು. ಬೇಸಿಗೆಯಲ್ಲಿ ಗುಡ್ಡದ ಬುಡದ ಒಂದು ಕಲ್ಲು ಬಾನಿಗೆ, ಹುಳ ಹಕ್ಕಿ ಕುಡಿಯಲೆಂದು, ದಿನಾ ಕೊಡದಲ್ಲಿ ನೀರು ತುಂಬಿ ಬರುತ್ತಿದ್ದರು. ಬುಡದಿಂದ ಮೇಲೆ ಮಾತ್ರ ಒಂದು ಹೆಜ್ಜೆಯೂ ಇಡುತ್ತಿರಲಿಲ್ಲ. ಸಿದ್ದಮ್ಮ ಬೀದಿಯಲ್ಲಿ ಎದುರಾದರೆ ಮಾತಾಡುತ್ತಿದ್ದಳು, ಮಗಳ ತಲೆ ಸವರುತ್ತಿದ್ದಳು. ನಮ್ಮ ಹೊಸ್ತಿಲು ತುಳಿಯುತ್ತಿರಲಿಲ್ಲ.

ರೇಣುಕಾ ಸುರಪುರದ ದೊಡ್ಡ ಶಾಲೆಗೆ ಹೋಗತೊಡಗಿದ ವರ್ಷ ಮಳೆ ದಸರೆ ದಾಟಿಯೂ ನಿಲ್ಲಲಿಲ್ಲ. ದೀಪಾವಳಿ ಆದ ಮೇಲೆ ಒಂದು ಮುಂಜಾನೆ ಸಿದ್ದಮ್ಮ ನಮ್ಮ ಬಾಗಿಲಲ್ಲಿ ನಿಂತಿದ್ದಳು. ಓಡಿ ಬಂದಿದ್ದಳೋ ಏನೋ, ಏದುಸಿರು. ಒಳಗೆ ಬಂದು ಕಂಬಕ್ಕೆ ಒರಗಿ ಕೂತಳು.

"ಬಂದಾವ," ಅಂದಳು. "ಒಂದ ಹುಟ್ಟಿ. ಸಣ್ಣದು. ಮಸಿ ಹತ್ತಲಾರದ ಮೂಲ್ಯಾಗ."

ನಾನು ಚಹಾ ಮಾಡಿದೆ. ಅವಳು ಕುಡಿದಳು. ನನ್ನ ಗಂಡ ಗೋಡೆಗೆ ಒರಗಿ ನಿಂತೇ ಇದ್ದರು.

"ಬರ್ರಿ, ನೋಡ್ರಿ," ಅಂದಳು ಸಿದ್ದಮ್ಮ.

"ನೀವು ಹೋಗಿ ಬರ್ರಿ. ನಾ ಒಲ್ಲೆ."

"ಯಾಕ?"

ಅವರು ಹೇಳಿದರು: "ನನ್ನ ಮೈಯಾಗ ಹೊಗಿ ವಾಸನಿ ಅದ. ಅವಕ್ಕ ತಿಳೀತದ. ಮತ್ತ ಹೋಗಿಬಿಡ್ತಾವ."

ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಸಿದ್ದಮ್ಮ ಬಟ್ಟಲು ಕೆಳಗಿಟ್ಟಳು. "ವಾಸನಿ ಇನ್ನ ಇದ್ದಿದ್ರ ಮೊದಲ ನನಗ ಹತ್ತತಿತ್ತು," ಅಂದಳು. "ನಿಮ್ಮ ಮನ್ಯಾಗ ಕುಂತ ಚಾ ಕುಡಿತಿದ್ನೇನು? ಏಳ್ರಿ."

ಮೂವರೂ ಹೋದೆವು. ಇಬ್ಬನಿಗೆ ಹುಲ್ಲು ಒದ್ದೆಯಾಗಿತ್ತು. ಸಿದ್ದಮ್ಮ ಮುಂದೆ, ನಾನು ನಡುವೆ. ಕಲ್ಲು ಬಾನಿಯ ಹತ್ತಿರ ಅವರು ನಿಂತುಬಿಟ್ಟರು. ಸಿದ್ದಮ್ಮ ತಿರುಗಿ ನೋಡಿದಳು. ಅವರು ಟವೆಲನ್ನು ಬಾನಿಯ ನೀರಿನಲ್ಲಿ ಅದ್ದಿ, ಹಿಂಡಿ, ಮೂಗು ಬಾಯಿಗೆ ಸುತ್ತಿಕೊಂಡು ಮತ್ತೆ ಹೆಜ್ಜೆ ಇಟ್ಟರು.

ಬಂಡೆಯ ಬಲ ಮೂಲೆಯಲ್ಲಿ, ಮೊರದಷ್ಟೂ ಇಲ್ಲದ ಒಂದು ಹುಟ್ಟಿ ತೂಗುತ್ತಿತ್ತು. ಅದರ ಮೈ ಮೇಲೆ ಅಲೆ ಅಲೆಯಾಗಿ ಮಿನುಗು ಹರಿದಾಡುತ್ತಿತ್ತು. ನಾನು ಅದನ್ನು ನೋಡುತ್ತ ನಿಂತವಳು ಪಕ್ಕಕ್ಕೆ ತಿರುಗಿದರೆ ಅವರ ಕಣ್ಣು ಕೆಂಪಾಗಿ, ಕುತ್ತಿಗೆಯ ನರ ಉಬ್ಬಿದ್ದವು. ಅವರು ಉಸಿರು ಬಿಗಿಹಿಡಿದಿದ್ದರು.

"ಉಸಿರ ಬಿಡ್ರಿ," ಅಂದೆ ಮೆಲ್ಲಗೆ. "ಸಾಯ್ತೀರಿ."

ಅವರು ಬಂಡೆಗೆ ಬೆನ್ನು ಮಾಡಿ, ಊರ ಕಡೆ ಮುಖ ತಿರುಗಿಸಿ, ಆಮೇಲೆ ಉಸಿರು ಬಿಟ್ಟರು.